ಕಿಂಗ್ ಕೋಠಿಯ ಇಡಗಂಟು

ನವೆಂಬರ್ ೧ ಬಂತೆಂದರೆ ನಾರಾಯಣಗೂಡದ ಕನ್ನಡ ಮನೆಗಳಲ್ಲಿ ಹಬ್ಬದ ಕಳೆ. ೧೯೫೬ರ ಆ ದಿನ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡ ಸೀಮೆ ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು ವಿಶಾಲ ಮೈಸೂರು ರಾಜ್ಯದ ಮಡಿಲು ಸೇರಿತು. ನಮ್ಮ ಹಿರಿಯರು ಆ ದಿನವನ್ನು ಕಣ್ಣಾರೆ ಕಂಡವರು. ಅದೇ ದಿನ, ನಮ್ಮ ನಾರಾಯಣಗೂಡದಿಂದ ಕಾಲ್ನಡಿಗೆಯಲ್ಲಿಯೇ ಹೋಗಿ ಮುಟ್ಟಬಹುದಾದ ಕಿಂಗ್ ಕೋಠಿಯಲ್ಲಿ, ಎಪ್ಪತ್ತು ವರ್ಷದ ವೃದ್ಧರೊಬ್ಬರ ಕೈಯಿಂದ ಕಡೆಯ ಅಧಿಕಾರವೂ ಜಾರಿತು. ಅವರು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು. ೧೯೧೧ರಿಂದ ಆಳಿದವರು, ೧೯೪೮ರ ಪೊಲೀಸ್ ಕಾರ್ಯಾಚರಣೆಯ ನಂತರವೂ ರಾಜಪ್ರಮುಖರೆಂಬ ಹೆಸರನ್ನು ಉಳಿಸಿಕೊಂಡಿದ್ದವರು, ಅಂದಿನಿಂದ ಬರಿಯ ಗೃಹಸ್ಥರಾದರು.

ಅವರ ಆಳಿಕೆಯ ಒಳಿತು ಕೆಡಕುಗಳನ್ನು ಅನೇಕ ವಿದ್ವಾಂಸರು ಬರೆದಿದ್ದಾರೆ. ರಜಾಕಾರರ ಕಾಲದ ನೋವನ್ನು ನಮ್ಮ ಬೀದರ ಕಡೆಯ ಮನೆಗಳಲ್ಲಿ ಇಂದಿಗೂ ಮರೆತವರಿಲ್ಲ. ಆ ವಿಷಯ ಈ ಲೇಖನದ್ದಲ್ಲ. ಇಲ್ಲಿ ನಾನು ಹೇಳಹೊರಟಿರುವುದು ಅವರ ಸಂಸಾರದ ಲೆಕ್ಕವನ್ನು. ಬಂಧುಬಳಗದ ಹೊಟ್ಟೆಬಟ್ಟೆಗೆಂದು ಅವರು ಕಟ್ಟಿಟ್ಟ ಟ್ರಸ್ಟುಗಳ ಕತೆ ಅದು. ಆ ಟ್ರಸ್ಟುಗಳನ್ನು ಹೊತ್ತು ನಡೆಸಿದವರ ಹೆಗಲನೋವಿನ ಕತೆಯೂ ಹೌದು. ನಿಜಾಮರ ಗಂಟಿಗೂ ನಮ್ಮ ನಿಮ್ಮ ಮನೆಯ ಗಂಟಿಗೂ ಸೊನ್ನೆಗಳಲ್ಲಿ ಅಂತರವಿದೆ. ತಾಪತ್ರಯ ಮಾತ್ರ ಒಂದೇ ಜಾತಿಯದು.

ಮೊದಲು ಟ್ರಸ್ಟೆಂದರೇನು ಎಂಬುದನ್ನು ಸರಳವಾಗಿ ಹೇಳಿಬಿಡುತ್ತೇನೆ. ಒಬ್ಬನು ತನ್ನ ಆಸ್ತಿಯನ್ನು ಮತ್ತೊಬ್ಬನ ಕೈಯಲ್ಲಿಟ್ಟು, ಇದರ ಫಲ ಮೂರನೆಯವನಿಗೆ ಸಲ್ಲಲಿ ಎಂದು ಕಟ್ಟುಮಾಡುವುದೇ ಟ್ರಸ್ಟು. ಕೊಟ್ಟವನು ದಾತ, ಹಿಡಿದವನು ಟ್ರಸ್ಟಿ, ಉಣ್ಣುವವನು ಫಲಾನುಭವಿ. ಟ್ರಸ್ಟಿಯ ಹೆಸರಿನಲ್ಲಿ ಆಸ್ತಿಯಿರುತ್ತದೆ, ಆದರೆ ಅದರ ಒಂದು ಕಾಸೂ ಅವನದಲ್ಲ. ಕನ್ನಡಿಗರಿಗೆ ಈ ಭಾವನೆ ಹೊಸದೇನಲ್ಲ. ನಮ್ಮ ಹಳೆಯ ದತ್ತಿ ಶಾಸನಗಳನ್ನು ನೋಡಿರಿ. ಭೂಮಿ ಕೊಟ್ಟ ವಿವರ ಮುಗಿದ ಮೇಲೆ, ಕೊಟ್ಟವನಿಗಿಂತ ಕಾಪಾಡಿದವನಿಗೇ ಪುಣ್ಯ ಹೆಚ್ಚೆಂದೂ ಅಳಿದವನಿಗೆ ಘೋರ ಪಾಪವೆಂದೂ ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಕೊಡುವುದು ಒಂದು ದಿನದ ಕೆಲಸ, ಕಾಯುವುದು ತಲೆಮಾರುಗಳ ಕೆಲಸವೆಂಬುದು ಅವರಿಗೆ ತಿಳಿದಿತ್ತು.

ಶಾಸನ ಹಾಕಿಸಿದವರು ಪಾಪದ ಹೆದರಿಕೆ ಹಾಕಿದರು. ಬ್ರಿಟಿಷರ ಕಾಲದಲ್ಲಿ ಬಂದ ೧೮೮೨ರ ಭಾರತೀಯ ಟ್ರಸ್ಟುಗಳ ಕಾಯಿದೆ ಕೋರ್ಟಿನ ಹೆದರಿಕೆ ಹಾಕಿತು. ಆ ಕಾಯಿದೆಯ ಕೆಲವು ಕಲಮುಗಳನ್ನು ಓದಿದರೆ ಟ್ರಸ್ಟಿಯ ಸ್ಥಿತಿ ಅರ್ಥವಾಗುತ್ತದೆ. ಟ್ರಸ್ಟಿಯಾಗಲು ಒಪ್ಪಲೇಬೇಕೆಂದು ಯಾರಿಗೂ ಕಡ್ಡಾಯವಿಲ್ಲ. ಇದು ೧೦ನೆಯ ಕಲಮು. ಆದರೆ ಒಮ್ಮೆ ಒಪ್ಪಿದ ಮೇಲೆ ತನಗೆ ತೋಚಿದಾಗ ಕೊಡವಿಕೊಂಡು ಏಳುವಂತಿಲ್ಲ, ಇದು ೪೬. ತನ್ನ ಕೆಲಸವನ್ನು ಇನ್ನೊಬ್ಬನ ತಲೆಗೆ ಕಟ್ಟುವಂತಿಲ್ಲ, ೪೭. ಸಾಮಾನ್ಯ ವಿವೇಕವುಳ್ಳವನು ಸ್ವಂತ ಆಸ್ತಿಯನ್ನು ನೋಡಿಕೊಳ್ಳುವಷ್ಟು ಜತನದಿಂದ ನೋಡಿಕೊಳ್ಳಬೇಕು, ೧೫. ಫಲಾನುಭವಿಗಳಲ್ಲಿ ಪಕ್ಷಪಾತ ಕೂಡದು, ೧೭. ಲೆಕ್ಕವಿಡಬೇಕು, ಕೇಳಿದಾಗ ತೋರಿಸಬೇಕು, ೧೯. ಟ್ರಸ್ಟಿಗಳು ಹಲವರಿದ್ದರೆ ಎಲ್ಲರೂ ಕೂಡಿಯೇ ನಡೆಸಬೇಕು, ೪೮. ಇಷ್ಟೆಲ್ಲ ಮಾಡಿದ್ದಕ್ಕೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಸಂಬಳ ಕೇಳುವ ಹಕ್ಕೂ ಇಲ್ಲ; ೫೦. ಹೊಣೆಯೆಲ್ಲ ಇವನದು, ಫಲವೆಲ್ಲ ಅವರದು ಎಂದರೆ ಕಾಯಿದೆಯ ತಾತ್ಪರ್ಯ ಮುಗಿಯಿತು.

ಇನ್ನು ಕಿಂಗ್ ಕೋಠಿಗೆ ಬರೋಣ. ೧೯೪೮ರ ಸೆಪ್ಟೆಂಬರ್ ೧೭ರಂದು ಹೈದರಾಬಾದು ಸಂಸ್ಥಾನ ಭಾರತಕ್ಕೆ ಶರಣಾಯಿತು. ಮರುವರ್ಷ ಫೆಬ್ರವರಿಯಲ್ಲಿ ನಿಜಾಮರ ಖಾಸಗಿ ಸೀಮೆಯಾದ ಸರ್ಫ್-ಎ-ಖಾಸ್ ಭೂಮಿಯೆಲ್ಲ ಸರ್ಕಾರದ ವಶವಾಯಿತು. ೧೯೫೦ರ ಒಪ್ಪಂದದಂತೆ ಅವರಿಗೆ ವರ್ಷಕ್ಕೆ ೫೦ ಲಕ್ಷ ರೂಪಾಯಿ ರಾಜಧನ, ಸರ್ಫ್-ಎ-ಖಾಸಿನ ಬದಲಿಗೆ ೨೫ ಲಕ್ಷ, ಅರಮನೆಗಳ ಪಾಲನೆಗೆ ೨೫ ಲಕ್ಷ ನಿಗದಿಯಾಯಿತು. ಕೇಳುವುದಕ್ಕೆ ಇದು ದೊಡ್ಡ ಮೊತ್ತ. ಆದರೆ ಮೂವತ್ತಕ್ಕೂ ಹೆಚ್ಚು ಮಕ್ಕಳು, ಬೇಗಮರು, ತಂದೆಯ ಕಾಲದಿಂದ ಬಂದ ನೆಂಟರು, ಅವರ ಆಳುಕಾಳುಗಳು, ಹೀಗೆ ಸಾವಿರಾರು ಬಾಯಿಗಳು ಆ ಮನೆಯ ಅನ್ನವನ್ನೇ ನಂಬಿದ್ದವು. ರಾಜಧನ ಸರ್ಕಾರದ ಮಾತಿನ ಮೇಲೆ ನಿಂತದ್ದು. ಮಾತು ಎಂದು ತಪ್ಪೀತೋ ಯಾರು ಬಲ್ಲರು? ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ರಾಜಧನ ರದ್ದಾದಾಗ ಆ ಮುಂದಾಲೋಚನೆ ಸರಿಯಾಗಿತ್ತೆಂದು ಎಲ್ಲರಿಗೂ ಕಂಡಿತು.

ಆದಕಾರಣ ನಿಜಾಮರು ತಮ್ಮ ಕೈಯಲ್ಲಿದ್ದ ಹಣವನ್ನೂ ಒಡವೆಯನ್ನೂ ಬೇರೆಬೇರೆ ಗಂಟುಗಳಾಗಿ ಕಟ್ಟತೊಡಗಿದರು. ಸಂಸಾರದ ಟ್ರಸ್ಟು, ಒಡವೆಗಳ ಟ್ರಸ್ಟು, ರಾಜಪುತ್ರ ರಾಜಪುತ್ರಿಯರ ಟ್ರಸ್ಟು, ತೀರ್ಥಯಾತ್ರೆಯ ಟ್ರಸ್ಟು, ಧರ್ಮಕಾರ್ಯದ ಟ್ರಸ್ಟು ಎಂದು ಹತ್ತಾರು ಆದವು. ತಮ್ಮ ಹಳೆಯ ಶೇರವಾನಿಯನ್ನೇ ವರ್ಷಗಟ್ಟಲೆ ತೊಡುತ್ತಿದ್ದರೆಂದು ಜನ ನಗುತ್ತಿದ್ದ ಮನುಷ್ಯ, ಇತರರ ನಾಳಿನ ಉಡುಗೆಗೆ ಇಂದೇ ಅರಿವೆ ಅಳೆದಿಡುತ್ತಿದ್ದರು.

ಇವುಗಳಲ್ಲಿ ಸಂಸಾರದ ಟ್ರಸ್ಟಿನ ರಚನೆ ಲೆಕ್ಕ ಬರೆಯುವವರು ಕುಳಿತು ನೋಡುವಂತಹುದು. ೧೯೫೦ರ ಮೇ ೧೦ರಂದು ಬರೆದ ಪತ್ರದಂತೆ ೯ ಕೋಟಿ ರೂಪಾಯಿಯ ಸರ್ಕಾರಿ ಸಾಲಪತ್ರಗಳು ಟ್ರಸ್ಟಿಗಳ ವಶವಾದವು. ಈ ಇಡಗಂಟನ್ನು ೧೭೫ ಸಮಪಾಲುಗಳೆಂದು ಎಣಿಸಿದರು. ಐದು ಪಾಲು ಮೀಸಲು ನಿಧಿಗೆ, ಮೂರೂವರೆ ಪಾಲು ಟ್ರಸ್ಟಿನ ಖರ್ಚಿಗೆ, ಉಳಿದ ೧೬೬ೂವರೆ ಪಾಲು ಪತ್ರದ ಪಟ್ಟಿಯಲ್ಲಿ ಹೆಸರಿಸಿದ ಬಂಧುಗಳಿಗೆ. ಯಾರಿಗೆ ಎಷ್ಟು ಪಾಲೆಂಬುದು ಬರವಣಿಗೆಯಲ್ಲಿಯೇ ಇತ್ತು. ಇಂದು ಇವನಿಗೆ ಹೆಚ್ಚು, ನಾಳೆ ಅವನಿಗೆ ಕಡಿಮೆ ಎನ್ನುವ ಮಾತಿಗೆ ಆಸ್ಪದವಿಟ್ಟಿರಲಿಲ್ಲ.

ಇದಕ್ಕಿಂತ ಚೊಕ್ಕಟವಾದ ಏರ್ಪಾಡು ಯಾವುದಿದ್ದೀತು? ಆದರೆ ಕಾಗದದ ಮೇಲಿನ ಪಾಲು ಒಂದು, ಬೆಳೆಯುವ ಸಂಸಾರ ಮತ್ತೊಂದು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ಇದು ಪತ್ರದಲ್ಲಿರುವುದಲ್ಲ, ವಿಷಯ ತಿಳಿಯಲೆಂದು ನಾನೇ ಹಿಡಿದ ಅಂದಾಜು. ೯ ಕೋಟಿಯನ್ನು ೧೭೫ರಿಂದ ಭಾಗಿಸಿದರೆ ಒಂದು ಪಾಲಿಗೆ ಸುಮಾರು ೫,೧೪,೨೮೫ ರೂಪಾಯಿ. ನೂರಕ್ಕೆ ಮೂರರಂತೆ ಬಡ್ಡಿಯೆಂದು ಹಿಡಿದರೆ ವರ್ಷಕ್ಕೆ ೧೫,೪೨೮, ತಿಂಗಳಿಗೆ ೧,೨೮೫ ರೂಪಾಯಿ. ೧೯೫೦ರಲ್ಲಿ ಇದು ದೊಡ್ಡ ಅಧಿಕಾರಿಯ ಸಂಬಳ. ಆ ಪಾಲುದಾರನಿಗೆ ನಾಲ್ವರು ಮಕ್ಕಳಾದರೆ ಅವನ ಕಾಲಾನಂತರ ತಲೆಗೆ ೩೨೧ ರೂಪಾಯಿ. ಆ ನಾಲ್ವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಗನ ಕೈಗೆ ಬರುವುದು ತಿಂಗಳಿಗೆ ೮೦ ರೂಪಾಯಿ.

ಹಂಚಿಕೆಯಿಂದ ಆದ ಕೊರತೆ ಇದು. ಹಣದ ಬೆಲೆ ಇಳಿದದ್ದು ಇನ್ನೊಂದು. ೧೯೫೦ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು ನೂರು ರೂಪಾಯಿ. ಒಂದು ಪಾಲಿನ ತಿಂಗಳ ಬಡ್ಡಿಯಿಂದ ನೂರಿಪ್ಪತ್ತು ಗ್ರಾಮಿಗೂ ಹೆಚ್ಚು ಚಿನ್ನ ಕೊಳ್ಳಬಹುದಾಗಿತ್ತು. ೧೯೮೦ರಲ್ಲಿ ಹತ್ತು ಗ್ರಾಮಿನ ಬೆಲೆ ೧,೩೦೦ ರೂಪಾಯಿ ದಾಟಿತ್ತು. ಅದೇ ಪಾಲು ಒಡೆಯದೆ ಇಡಿಯಾಗಿ ಉಳಿದಿದ್ದರೂ ಹತ್ತು ಗ್ರಾಂ ಸಿಗುತ್ತಿರಲಿಲ್ಲ. ಟ್ರಸ್ಟಿ ಒಂದು ಕಾಸನ್ನೂ ಕದಿಯಲಿಲ್ಲ, ಒಂದು ಸಾಲಪತ್ರವೂ ಕಳೆಯಲಿಲ್ಲ, ಲೆಕ್ಕ ಪೈಸೆಗೆ ಪೈಸೆ ಕೂಡಿತು. ಆದರೂ ಮೊಮ್ಮಗನು ಬಾಗಿಲಲ್ಲಿ ನಿಂತು, “ನಮ್ಮ ಅಜ್ಜನ ಹಣವೆಲ್ಲ ಎಲ್ಲಿ ಹೋಯಿತು?” ಎಂದು ಕೇಳುವನು. ಆ ಪ್ರಶ್ನೆಗೆ ಖಾತೆಪುಸ್ತಕದಲ್ಲಿ ಉತ್ತರವಿದೆ. ಅದನ್ನು ನಂಬುವ ಮನಸ್ಸು ಮಾತ್ರ ಅವನಲ್ಲಿರುವುದಿಲ್ಲ. ಸಂಸಾರದ ಟ್ರಸ್ಟನ್ನು ಹೊತ್ತವನ ಮೊದಲ ಭಾರವಿದು: ಕಾಲ ಮಾಡಿದ ನಷ್ಟಕ್ಕೆ ಅವನು ಉತ್ತರ ಹೇಳಬೇಕು.

ಎರಡನೆಯ ಭಾರ ತೆರಿಗೆಯದು. ೧೯೫೩ರಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ ಬಂತು, ೧೯೫೭ರಲ್ಲಿ ಸಂಪತ್ತಿನ ತೆರಿಗೆ ಬಂತು. ಮೊದಲನೆಯದು ೧೯೮೫ರಲ್ಲಿಯೂ ಎರಡನೆಯದು ೨೦೧೫ರ ಬಜೆಟ್ಟಿನಲ್ಲಿಯೂ ರದ್ದಾದವು. ಆದರೆ ನಡುವಿನ ದಶಕಗಳಲ್ಲಿ ಟ್ರಸ್ಟಿಗಳು ಅವುಗಳ ಕೈಯಲ್ಲಿ ನುಗ್ಗಾದರು. ಆಸ್ತಿ ಇರುವುದು ಟ್ರಸ್ಟಿಯ ಹೆಸರಿನಲ್ಲಿ. ಬದುಕಿರುವತನಕ ಅದರ ಹುಟ್ಟುವಳಿಯನ್ನು ಉಣ್ಣುವವನು ಒಬ್ಬ. ಅವನ ನಂತರ ಉಳಿದ ಗಂಟನ್ನು ಪಡೆಯುವವರು ಬೇರೆ, ಅವರಲ್ಲಿ ಕೆಲವರು ಇನ್ನೂ ಹುಟ್ಟಿಯೇ ಇಲ್ಲ. ಹಾಗಾದರೆ ತೆರಿಗೆ ಯಾರ ಮೇಲೆ, ಎಷ್ಟರ ಮೇಲೆ? ನಿಜಾಮರ ಸಂಸಾರದ ಟ್ರಸ್ಟಿನಿಂದ ಹುಟ್ಟಿದ ಇಂತಹ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೧೯೭೭ರಲ್ಲಿ ತೀರ್ಮಾನವಾಯಿತು. ಟ್ರಸ್ಟಿ ತನ್ನ ಸ್ವಂತಕ್ಕಾಗಿ ಹಿಡಿದವನಲ್ಲ, ಫಲಾನುಭವಿಗಳ ಪ್ರತಿನಿಧಿ ಮಾತ್ರ; ಆದುದರಿಂದ ಅವರವರ ಹಕ್ಕಿನ ಬೆಲೆ ಕಟ್ಟಿ ಅದರ ಮೇಲೆಯೇ ತೆರಿಗೆ ಹಾಕಬೇಕೆಂಬುದು ಆ ತೀರ್ಪಿನ ಸಾರ. ಟ್ರಸ್ಟಿಗಳಿಗೆ ನ್ಯಾಯ ಸಿಕ್ಕಿತು, ನಿಜ. ಆದರೆ ೧೯೫೦ರಲ್ಲಿ ಬರೆದ ಪತ್ರದ ಅರ್ಥ ೧೯೭೭ರಲ್ಲಿ ತಿಳಿಯಬೇಕಾಯಿತು.

ಮೂರನೆಯ ಭಾರ ಮಾರಾಟದ್ದು. ೧೯೫೧ ಮತ್ತು ೧೯೫೨ರಲ್ಲಿ ನಿಜಾಮರು ತಮ್ಮ ಅಮೂಲ್ಯ ಒಡವೆಗಳನ್ನು ಎರಡು ಟ್ರಸ್ಟುಗಳಲ್ಲಿ ಇಟ್ಟರು. ತಾವೂ ತಮ್ಮ ಹಿರಿಯ ಮಗ ಆಜಂ ಜಾಹರೂ ತೀರಿಕೊಂಡ ನಂತರವೇ ಅವನ್ನು ಮಾರಬಹುದೆಂದು ಕಟ್ಟುಮಾಡಿದರು. ನಿಜಾಮರು ೧೯೬೭ರ ಫೆಬ್ರವರಿ ೨೪ರಂದು ತೀರಿಕೊಂಡರು, ಆಜಂ ಜಾಹರು ೧೯೭೦ರಲ್ಲಿ. ಟ್ರಸ್ಟಿಗಳು ೧೯೭೦ರ ದಶಕದಲ್ಲಿಯೇ ಮಾರಾಟಕ್ಕೆ ಹೊರಟರು. ಇವು ನಾಡಿನ ಸೊತ್ತು, ಹೊರಗೆ ಹೋಗಕೂಡದೆಂದು ಸರ್ಕಾರ ತಡೆಯಿತು. ಬೆಲೆಯ ಜಗ್ಗಾಟ, ಕೋರ್ಟು, ಪಂಚಾಯತಿ ಎಲ್ಲ ಆಗಿ, ೧೯೯೫ರ ಜನವರಿಯಲ್ಲಿ ಭಾರತ ಸರ್ಕಾರ ೧೭೩ ಒಡವೆಗಳನ್ನು ಸುಮಾರು ೨೧೮ ಕೋಟಿ ರೂಪಾಯಿಗೆ ಕೊಂಡಿತು. ೧೮೪ ಕ್ಯಾರಟ್ಟಿಗೂ ಮೀರಿ ತೂಗುವ ಜೇಕಬ್ ವಜ್ರ ಅವುಗಳಲ್ಲಿ ಒಂದು. ಅದನ್ನು ಏಳನೆಯ ನಿಜಾಮರು ತಂದೆಯ ಚಡಾವಿನಲ್ಲಿ ಕಂಡು ಕಾಗದ ಹಾರದಂತೆ ಮೇಜಿನ ಮೇಲೆ ಇಡುತ್ತಿದ್ದರೆಂಬ ಕತೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ೨೦೦೧ರಲ್ಲಿ ಸಾಲಾರ ಜಂಗ್ ವಸ್ತುಸಂಗ್ರಹಾಲಯದಲ್ಲಿ ಈ ಒಡವೆಗಳನ್ನು ಪ್ರದರ್ಶನಕ್ಕಿಟ್ಟಾಗ ಹೈದರಾಬಾದಿನ ಜನ ಸಾಲು ನಿಂತು ನೋಡಿದರು.

ನೋಡುವವರಿಗೆ ಕಣ್ಣುಹಬ್ಬ. ಫಲಾನುಭವಿಗಳ ಕಡೆಯಿಂದ ಯೋಚಿಸಿರಿ. ೧೯೫೧ರಲ್ಲಿ ಪಟ್ಟಿಯಲ್ಲಿ ಹೆಸರಿದ್ದ ಮಗು ಹಣದ ಮುಖ ಕಾಣುವ ಹೊತ್ತಿಗೆ ನಡುವಯಸ್ಸು ದಾಟಿತ್ತು. ಬೊಂಬಾಯಿಯ ಬ್ಯಾಂಕಿನ ನೆಲಮಾಳಿಗೆಯಲ್ಲಿ ಕೋಟಿಗಟ್ಟಲೆಯ ವಜ್ರ, ಇತ್ತ ಹಳೆಯ ನಗರದ ಗಲ್ಲಿಯಲ್ಲಿ ಬಾಡಿಗೆಗೆ ಹಣವಿಲ್ಲದ ವಾರಸುದಾರ. ಇಬ್ಬರ ನಡುವೆ ನಿಂತು ಎರಡೂ ಕಡೆಯ ಬೈಗಳು ತಿನ್ನುವವನು ಟ್ರಸ್ಟಿ.

ಇನ್ನೊಂದು ಗಂಟಿನ ಕತೆ ಇದಕ್ಕಿಂತಲೂ ವಿಚಿತ್ರ. ಹೈದರಾಬಾದು ಶರಣಾದ ಮೂರನೆಯ ದಿನ, ೧೯೪೮ರ ಸೆಪ್ಟೆಂಬರ್ ೨೦ರಂದು, ನಿಜಾಮರ ಲಂಡನ್ ಖಾತೆಯಿಂದ ೧೦,೦೭,೪೯೦ ಪೌಂಡು ೯ ಷಿಲಿಂಗು ಪಾಕಿಸ್ತಾನದ ಹೈಕಮಿಷನರ್ ರಹೀಂತುಲಾರ ಹೆಸರಿಗೆ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ವರ್ಗವಾಯಿತು. ಒಂದು ವಾರದೊಳಗೆ ನಿಜಾಮರು ಇದು ತಮ್ಮ ಅಪ್ಪಣೆಯಿಂದ ಆದದ್ದಲ್ಲವೆಂದು ಹಣ ಹಿಂದಕ್ಕೆ ಕೇಳಿದರು. ಇತ್ತಂಡದವರೂ ಒಪ್ಪದೆ ಬ್ಯಾಂಕು ಯಾರಿಗೂ ಕೊಡಲಿಲ್ಲ. ೧೯೫೭ರಲ್ಲಿ ಇಂಗ್ಲೆಂಡಿನ ಲಾರ್ಡರ ಸಭೆ, ಪರದೇಶದ ಸರ್ಕಾರವನ್ನು ಅದರ ಒಪ್ಪಿಗೆಯಿಲ್ಲದೆ ಕೋರ್ಟಿಗೆ ಎಳೆಯಲಾಗದೆಂದು ಹೇಳಿ ಮೊಕದ್ದಮೆಯನ್ನು ನಿಲ್ಲಿಸಿತು. ೨೦೧೩ರಲ್ಲಿ ಪಾಕಿಸ್ತಾನವೇ ಕೋರ್ಟಿಗೆ ಬಂದುದರಿಂದ ಕಟ್ಟು ಸಡಿಲಿತು. ೨೦೧೯ರ ಅಕ್ಟೋಬರ್ ೨ರಂದು ಲಂಡನ್ನಿನ ನ್ಯಾಯಾಲಯ, ರಹೀಂತುಲಾ ಆ ಹಣವನ್ನು ನಿಜಾಮರಿಗಾಗಿ ಟ್ರಸ್ಟಿನಂತೆ ಹಿಡಿದಿದ್ದರೆಂದು ತೀರ್ಮಾನಿಸಿ, ಬೆಳೆದು ಸುಮಾರು ಮೂರೂವರೆ ಕೋಟಿ ಪೌಂಡಾಗಿದ್ದ ಗಂಟನ್ನು ಭಾರತ ಸರ್ಕಾರಕ್ಕೂ ನಿಜಾಮರ ಇಬ್ಬರು ಮೊಮ್ಮಕ್ಕಳಿಗೂ ಬಿಟ್ಟಿತು. ಅಷ್ಟರಿಂದ ಮುಗಿಯಿತೇ? ತಮಗೂ ಪಾಲುಂಟೆಂದು ನೂರಕ್ಕೂ ಹೆಚ್ಚು ವಂಶಸ್ಥರ ಪರವಾಗಿ ಮತ್ತೊಂದು ಅರ್ಜಿ ಹೋಯಿತು. ೨೦೨೦ರಲ್ಲಿ ಅದನ್ನು ಕೋರ್ಟು ತಳ್ಳಿಹಾಕಿತು. ಎಪ್ಪತ್ತೊಂದು ವರ್ಷ ಒಂದು ಖಾತೆ ಬರಿಯ ಬಡ್ಡಿ ಉಣ್ಣುತ್ತ ಕುಳಿತಿತು. ಹಣವಿಟ್ಟವರು, ಹಿಡಿದವರು, ಮೊದಲು ವಾದಿಸಿದ ವಕೀಲರು ಯಾರೂ ಉಳಿದಿರಲಿಲ್ಲ.

ನಿಜಾಮರು ಮಗನನ್ನು ಬಿಟ್ಟು ಮೊಮ್ಮಗ ಮುಕರ್ರಂ ಜಾಹರನ್ನು ಉತ್ತರಾಧಿಕಾರಿಯನ್ನಾಗಿ ಮಾಡಿದ್ದರು. ೧೯೬೭ರಲ್ಲಿ ಮೂವತ್ತಮೂರು ವರ್ಷದ ಆ ತರುಣನಿಗೆ ಪಟ್ಟದ ಜೊತೆಗೆ ಬಂದದ್ದೇನು? ಇತಿಹಾಸ ಬರೆದ ಜಾನ್ ಜುಬ್ರಿಸ್ಕಿಯವರ ಲೆಕ್ಕದಂತೆ ೧೪,೭೧೮ ಮಂದಿ ನೌಕರರು ಮತ್ತು ಆಶ್ರಿತರು. ರಾಜಧನವಾದರೋ ೨೦ ಲಕ್ಷಕ್ಕೆ ಇಳಿದಿತ್ತು, ನಾಲ್ಕು ವರ್ಷದಲ್ಲಿ ಅದೂ ನಿಂತಿತು. ಬಂಧುಗಳ ದಾವೆಗಳು ಮೇಲಿಂದ ಮೇಲೆ ಬಂದವು. ಕಡೆಗೆ ಅವರು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಕುರಿ ಸಾಕುವ ಜಮೀನೊಂದನ್ನು ಕೊಂಡು ಅಲ್ಲಿ ಮಣ್ಣು ಅಗೆಯುವ ಯಂತ್ರ ನಡೆಸುತ್ತ ಕಾಲ ಕಳೆದರು. ಅದೂ ಸಾಲದಲ್ಲಿ ಹೋಯಿತು. ಆಮೇಲೆ ತುರ್ಕಿಗೆ ಹೋದರು. ೨೦೨೩ರ ಜನವರಿ ೧೪ರಂದು ಇಸ್ತಾಂಬುಲಿನಲ್ಲಿ ತೀರಿಕೊಂಡಾಗ, ಅವರ ದೇಹವನ್ನು ತಂದು ಮೆಕ್ಕಾ ಮಸೀದಿಯಲ್ಲಿ ಮಣ್ಣುಮಾಡಿದರು. ದುಂದುಗಾರನೆಂದು ಅವರನ್ನು ಹಳಿದವರುಂಟು. ಇರಬಹುದು. ಆದರೆ ಬೆಳಗಾದರೆ ಹದಿನಾಲ್ಕು ಸಾವಿರ ಜನರ ಮುಖ ನೋಡಬೇಕಾದವನು ಸಮುದ್ರದಾಚೆ ಕುರಿಗಳ ಮುಖ ನೋಡಲು ಓಡಿದನೆಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಇದೇ ಊರಿನಲ್ಲಿ ಇನ್ನೊಂದು ದೊಡ್ಡ ಮನೆಯ ಗಂಟು ಬೇರೆ ದಾರಿ ಹಿಡಿಯಿತು. ಅದರ ಋಣ ನಮ್ಮ ಕೊಪ್ಪಳ ಸೀಮೆಗೂ ಇದೆ; ಏಕೆಂದರೆ ಕೊಪ್ಪಳ ಆ ಮನೆತನದ ಜಹಗೀರಾಗಿತ್ತು. ಮೂರನೆಯ ಸಾಲಾರ ಜಂಗರು ೧೯೪೯ರ ಮಾರ್ಚ್ ೨ರಂದು ಮದುವೆಯಿಲ್ಲದೆ, ಮಕ್ಕಳಿಲ್ಲದೆ ತೀರಿಕೊಂಡರು. ಬದುಕೆಲ್ಲ ಕೂಡಿಸಿದ ಚಿತ್ರ, ವಿಗ್ರಹ, ಗ್ರಂಥ, ಗಡಿಯಾರಗಳ ರಾಶಿಗೆ ವಾರಸುದಾರರೆಂದು ಹಲವರು ಬಂದರು. ಆದರೆ ೧೯೫೧ರ ಡಿಸೆಂಬರ್ ೧೬ರಂದು ಆ ಸಂಗ್ರಹ ದಿವಾನ್ ದೇವಡಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು, ಪಂಡಿತ ನೆಹರೂ ಅವರೇ ಉದ್ಘಾಟಿಸಿದರು. ಮುಂದೆ ವಾರಸುದಾರರೂ ರಾಜಿಯಾಗಿ ಬಿಟ್ಟುಕೊಟ್ಟರು. ೧೯೬೧ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಅದು ರಾಷ್ಟ್ರದ ಸಂಸ್ಥೆಯಾಯಿತು. ನಿಜಾಮರ ಗಂಟುಗಳಲ್ಲಿಯೂ ಧರ್ಮಕಾರ್ಯದ ಟ್ರಸ್ಟಿನ ಹೆಸರು ಚೆನ್ನಾಗಿಯೇ ಉಳಿಯಿತು. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಬೇರು ಆ ದತ್ತಿಯ ಮೂಳೆ ಚಿಕಿತ್ಸಾಲಯದಲ್ಲಿದೆ. ಊರಿಗೆ ಕೊಟ್ಟದ್ದಕ್ಕೆ ಜಗಳ ಕಡಿಮೆ; ನೆಂಟರಿಗೆ ಕೊಟ್ಟದ್ದಕ್ಕೆ ಹೆಚ್ಚು. ಆಸ್ಪತ್ರೆಯ ರೋಗಿ, ಪಕ್ಕದ ಹಾಸಿಗೆಯವನಿಗೆ ನನಗಿಂತ ಎರಡು ಮಾತ್ರೆ ಹೆಚ್ಚೇಕೆಂದು ಕೋರ್ಟಿಗೆ ಹೋಗುವುದಿಲ್ಲ.

ಅರಮನೆಯವರ ಈ ಲೆಕ್ಕವನ್ನು ಬ್ಯಾಂಕಿನ ಗುಮಾಸ್ತನೊಬ್ಬನು ಏಕೆ ಕೆದಕಬೇಕೆಂದು ವಾಚಕರು ಕೇಳಬಹುದು. ನಾನೂ ಒಬ್ಬ ಟ್ರಸ್ಟಿ. ಭಾಲ್ಕಿಯ ಕಡೆ ನಮ್ಮ ಅಜ್ಜನ ಹೊಲ ಮಾರಿದಾಗ ಬಂದ ಹಣದಲ್ಲಿ ಹನ್ನೊಂದು ಲಕ್ಷವನ್ನು ಹಂಚದೆ, ವಂಶದ ಮಕ್ಕಳ ಓದಿಗೆಂದು ಹಿರಿಯರು ಟ್ರಸ್ಟು ಮಾಡಿದರು. “ಇಂವ ಬಿ.ಕಾಂ. ಓದ್ಯಾನ, ಬ್ಯಾಂಕಿನಾಗ ಇದ್ದಾನ” ಎಂದು ನನ್ನ ಹೆಸರನ್ನೂ ಸೇರಿಸಿದರು. ಊರಿನಲ್ಲಿ ಕಾಕಾ, ಪುಣೆಯಲ್ಲಿ ದೊಡ್ಡಪ್ಪನ ಮಗ, ನಾರಾಯಣಗೂಡದಲ್ಲಿ ನಾನು. ಮೂವರ ಸಹಿಯಿಲ್ಲದೆ ಒಂದು ರೂಪಾಯಿ ಅಲುಗುವಂತಿಲ್ಲ. ವರ್ಷಕ್ಕೆ ಎಪ್ಪತ್ತು ಸಾವಿರದಷ್ಟು ಬಡ್ಡಿ. ಆರಂಭದಲ್ಲಿ ಓದುವ ಮಕ್ಕಳು ಒಂಬತ್ತು, ಈಗ ಹದಿನಾರು.

ಮೂರು ವರ್ಷದ ಹಿಂದೆ ನಮ್ಮ ಸೋದರತ್ತೆಯ ಯಜಮಾನರು ಆಸ್ಪತ್ರೆ ಸೇರಿದರು. ಅತ್ತೆ ಊರಿನಿಂದ ನಮ್ಮ ಮನೆಗೆ ಬಂದು, ಟ್ರಸ್ಟಿನ ಗಂಟಿನಿಂದ ಎರಡು ಲಕ್ಷ ಕೊಡೆಂದು ಕೇಳಿದರು. ಪತ್ರದಲ್ಲಿ ಓದಿನ ಖರ್ಚೆಂದು ಮಾತ್ರ ಇದೆ, ಇಡಗಂಟನ್ನು ಮುಟ್ಟುವ ಅಧಿಕಾರ ನಮಗಿಲ್ಲ ಎಂದೆ. ನನ್ನ ಉಳಿತಾಯದಿಂದ ಇಪ್ಪತ್ತು ಸಾವಿರ ತೆಗೆದುಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, “ನೀ ಬ್ಯಾಂಕಿನಾಂವ ಆದಿ, ಮನಿ ಮಗ ಆಗಲಿಲ್ಲ” ಎಂದರು. ಮಾವನವರು ಬದುಕಿದರು, ಅದಕ್ಕಾಗಿ ಅತ್ತೆ ತಮ್ಮ ಬಳೆಗಳನ್ನು ಮಾರಿದರು. ಮರುವರ್ಷ ಜೂನಿನಲ್ಲಿ ಅವರ ಮಗನ ಕಾಲೇಜಿನ ಫೀಸು ಇದೇ ಟ್ರಸ್ಟಿನಿಂದ ಹೋಯಿತು. ರಸೀತಿಗೆ ಅತ್ತೆ ಸಹಿ ಹಾಕಿದರು; ಮಾತಾಡಲಿಲ್ಲ. ನಾನು ಮಾಡಿದ್ದು ಕಾಯಿದೆಯಂತೆ ಸರಿಯೇ. ಆದರೂ ಅವರ ಬರಿಗೈಯನ್ನು ನೋಡಿದಾಗ ಆ ಸರಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಆ ದಿನಗಳಲ್ಲಿಯೇ ನಾನು ನಿಜಾಮರ ಟ್ರಸ್ಟುಗಳ ವಿಷಯವನ್ನು ಹುಡುಕಿ ಓದತೊಡಗಿದ್ದು. ೧೭೫ರಲ್ಲಿ ಐದು ಪಾಲು ಮೀಸಲು, ಮೂರೂವರೆ ಪಾಲು ಖರ್ಚಿಗೆ ಎಂಬುದನ್ನು ಓದಿದಾಗ ಪುಸ್ತಕವನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತೆ. ಒಂಬತ್ತು ಕೋಟಿಯ ಒಡೆಯರು ಬರೆಸಿದ ಆ ಒಂದು ಸಾಲು ನಮ್ಮ ಹನ್ನೊಂದು ಲಕ್ಷದ ಪತ್ರದಲ್ಲಿರಲಿಲ್ಲ. ಮೀಸಲೆಂದು ಒಂದು ಲಕ್ಷವನ್ನು ಬೇರೆ ತೆಗೆದು, ಆಪತ್ತಿಗೆ ಬಳಸಬಹುದೆಂದು ಬರೆದಿದ್ದರೆ ಅತ್ತೆಯ ಬಳೆಗಳಲ್ಲಿ ಒಂದೆರಡಾದರೂ ಕೈಯಲ್ಲಿ ಉಳಿಯುತ್ತಿದ್ದವು.

ಹೊರನಾಡಿನಲ್ಲಿರುವ ನಮ್ಮಂಥವರ ಮೇಲೆ ಇಂತಹ ಹೊಣೆ ಮೇಲಿಂದ ಮೇಲೆ ಬೀಳುತ್ತದೆ. ಊರಿನ ಹೊಲ ಮಾರಿದರೆ, ಹಳೆಯ ಮನೆಗೆ ಪರಿಹಾರ ಬಂದರೆ, ಪಟ್ಟಣದಲ್ಲಿ ಓದುಬರಹ ಬಲ್ಲವನಿದ್ದಾನೆಂದು ಕಾಗದವನ್ನೆಲ್ಲ ಅವನ ಕೈಗೆ ಕೊಡುತ್ತಾರೆ. ಆದುದರಿಂದ ಅನುಭವದಿಂದ ತಿಳಿದ ನಾಲ್ಕು ಮಾತನ್ನು ಹೇಳುತ್ತೇನೆ. ಪತ್ರ ಬರೆಸುವಾಗಲೇ ಉದ್ದೇಶವನ್ನು ಸ್ಪಷ್ಟವಾಗಿ ಬರೆಸಿರಿ. ಜೊತೆಗೆ ಆಪತ್ಕಾಲಕ್ಕೆ ಒಂದು ಮೀಸಲನ್ನೂ ಅದನ್ನು ಯಾರು, ಹೇಗೆ ಬಳಸಬೇಕೆಂಬುದನ್ನೂ ಬರೆಸಿರಿ. ಯಾರಿಗೆ ಎಷ್ಟು ಪಾಲೆಂಬುದನ್ನು ಗೊತ್ತುಮಾಡಿರಿ. ಪಾಲು ನಿಶ್ಚಿತವಿಲ್ಲದ ಖಾಸಗಿ ಟ್ರಸ್ಟಿನ ಮೇಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚಿನ ದರದ ಆದಾಯ ತೆರಿಗೆ ಬೀಳುತ್ತದೆ. ಟ್ರಸ್ಟಿಗೆ ಒಂದು ಕೊನೆಯನ್ನು ಇಡಿರಿ. ಈ ತಲೆಮಾರಿನ ಮಕ್ಕಳ ಓದು ಮುಗಿದ ಮೇಲೆ ಗಂಟನ್ನು ಒಡೆದು ಹಂಚಬೇಕು, ಇಲ್ಲವೇ ಊರ ಶಾಲೆಗೆ ಕೊಡಬೇಕು ಎಂದಿರಲಿ. ವರ್ಷಕ್ಕೊಮ್ಮೆ ದೀಪಾವಳಿಗೋ ಜಾತ್ರೆಗೋ ಎಲ್ಲರೂ ಕೂಡಿದಾಗ ಲೆಕ್ಕವನ್ನು ಗಟ್ಟಿಯಾಗಿ ಓದಿಬಿಡಿರಿ, ಯಾರೂ ಕೇಳದಿದ್ದರೂ ಓದಿರಿ. ಕೇಳಿದ ಮೇಲೆ ತೋರಿಸಿದ ಲೆಕ್ಕಕ್ಕೆ ಅರ್ಧ ಬೆಲೆ.

ಇದೆಲ್ಲಕ್ಕಿಂತ ಮೊದಲು, ಹೊಣೆ ಹೊರುವವನಿಗೆ ಬೇಡವೆನ್ನುವ ಹಕ್ಕಿದೆ 
ಎಂಬುದನ್ನು ನೆನಪಿಡಿರಿ. ಹತ್ತನೆಯ ಕಲಮಿನಷ್ಟು ಉಪಕಾರಿಯಾದ ಕಲಮು ಆ ಕಾಯಿದೆಯಲ್ಲಿ ಇನ್ನೊಂದಿಲ್ಲ. ಹಿರಿಯರ ಮುಂದೆ ಸಂಕೋಚಪಟ್ಟು ತಲೆಯಾಡಿಸಿದರೆ ನಲವತ್ತಾರನೆಯ ಕಲಮು ಕಾದುಕೊಂಡಿರುತ್ತದೆ. ನಾನು ಬೇಡವೆನ್ನಲಿಲ್ಲ. ಇನ್ನು ಬಿಡುವ ಮನಸ್ಸೂ ಇಲ್ಲ. ಹದಿನಾರು ಮಕ್ಕಳಲ್ಲಿ ಆರು ಜನ ಇನ್ನೂ ಹೈಸ್ಕೂಲು ಮುಟ್ಟಿಲ್ಲ.

ಕಿಂಗ್ ಕೋಠಿಯ ಎದುರಿಗೆ ಜೂದಿ ಮಸೀದಿಯಲ್ಲಿ ಏಳನೆಯ ನಿಜಾಮರ ಸಮಾಧಿಯಿದೆ. ಕಾಚಿಗೂಡದ ನೃಪತುಂಗ ಶಾಲೆಯ ಕಡೆಗೂ ನಮ್ಮ ಸಂಘದ ಕೆಲಸಕ್ಕೂ ಓಡಾಡುವಾಗ ಒಮ್ಮೊಮ್ಮೆ ಆ ರಸ್ತೆಯಲ್ಲಿ ಹಾದುಹೋಗುತ್ತೇನೆ. ಆ ಸಂಪತ್ತಿನಲ್ಲಿ ನಮ್ಮ ರಾಯಚೂರು, ಕಲಬುರ್ಗಿ, ಬೀದರಿನ ರೈತನ ಬೆವರೂ ಬೆರೆತಿತ್ತೆಂಬುದನ್ನು ನಾನು ಮರೆಯುವುದಿಲ್ಲ. ಆದರೂ ಆ ಗೋಡೆಯ ಬಳಿ ಬಂದಾಗ ರಾಜನ ನೆನಪಿಗಿಂತ, ತನ್ನ ಕಾಲಾನಂತರ ಮನೆಯವರು ಹಸಿಯಬಾರದೆಂದು ಪಾಲು ಎಣಿಸುತ್ತ ಕುಳಿತ ಮುದುಕನೊಬ್ಬನ ನೆನಪೇ ಬರುತ್ತದೆ. ಅವರು ಎಣಿಸಿದ್ದು ತಪ್ಪಲಿಲ್ಲ. ಎಣಿಕೆಗೆ ಸಿಕ್ಕದೆ ಉಳಿದದ್ದು ಮನುಷ್ಯರು.

ಈ ರಾಜ್ಯೋತ್ಸವಕ್ಕೆ ಸೋದರತ್ತೆಯನ್ನೂ ಮಾವನವರನ್ನೂ ನಮ್ಮ ಮನೆಗೆ ಕರೆದಿದ್ದೇನೆ. ಟ್ರಸ್ಟಿನ ಲೆಕ್ಕದ ವಹಿಯನ್ನು ಅವರ ಮುಂದೆಯೇ ಓದಬೇಕೆಂದಿದ್ದೇನೆ. ಬರುತ್ತೇವೆಂದು ಇನ್ನೂ ಹೇಳಿ ಕಳಿಸಿಲ್ಲ.